ಹರಳು ಕಟ್ಟುವ ಪಾಠಕ್ಕೆ ನಮ್ಮ ಮಾತು ಸಾಲದೇ?



ಸಕ್ಕರೆ ಪಾಕದಂಥ ಗಟ್ಟಿ ದ್ರಾವಣಕ್ಕೆ ಲೇಸರ್ ಬೆಳಕು ಹಾಯಿಸಿ, ಅದರೊಳಗೆ ಬೇಕಾದ ಜಾಗದಲ್ಲಿ, ಬೇಕಾದ ಹೊತ್ತಿಗೆ ಹರಳು ಹುಟ್ಟಿಸುವ ವಿದ್ಯೆಯೊಂದು ಇದೆ. ಬೆಳಕು ಬಿದ್ದ ಕಡೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳ್ಳೆ ಏಳುತ್ತದೆ, ಆ ಗುಳ್ಳೆಯ ಅಂಚಿನಲ್ಲಿ ಹರಳು ಕೂರುತ್ತದೆ. ಹಿಂದೂಪುರದ ಕಡೆಯ ನಮ್ಮ ಸ್ಟಾಫ್ ರೂಮಿನಲ್ಲಿ ಈ ವಿಷಯ ಬಂದಾಗ ಒಬ್ಬರು ಕೇಳಿದ್ದು ಒಂದೇ ಮಾತು, "ಇದನ್ನೆಲ್ಲ ಕನ್ನಡದಾಗೆ ಹೇಳಕ್ಕಾಗ್ತದಾ ಸಾರ್?" ಅಂತ. ಕೇಳಿದವರು ಕನ್ನಡ ಮಾಧ್ಯಮದಲ್ಲೇ ಓದಿ, ಕನ್ನಡ ಮಾಧ್ಯಮದಲ್ಲೇ ಪಾಠ ಮಾಡುತ್ತಿರುವವರು! ಈ ಬರಹ ಅವರಿಗೆ ಉತ್ತರ. ಅವರೊಬ್ಬರಿಗೇ ಅಲ್ಲ, ದಾಖಲಾತಿ ಸಮಯದಲ್ಲಿ ಮಗನ ಟಿ.ಸಿ. ಕೇಳಲು ಬಂದು "ಕನ್ನಡದಾಗೆ ಸೈನ್ಸ್ ಓದಿ ನಮ್ ಹುಡುಗ ಏನು ಮಾಡ್ತಾನೆ ಮೇಷ್ಟ್ರೇ" ಎನ್ನುವ ಅಪ್ಪಂದಿರಿಗೂ ಸೇರಿ.

ಮೊದಲೇ ಹೇಳಿಬಿಡುತ್ತೇವೆ. ನಾವು ಓದಿದ್ದು ಬಿ.ಎ., ಮಾಡಿದ್ದು ಟಿ.ಸಿ.ಎಚ್. ವಿಜ್ಞಾನಿಗಳಲ್ಲ. ಆದರೆ ಗಡಿಯಾಚೆಯ ಕನ್ನಡ ಶಾಲೆಗಳಲ್ಲಿ ವಿಜ್ಞಾನದ ಹುದ್ದೆ ಖಾಲಿ ಬಿದ್ದಾಗ ಆ ಪೀರಿಯಡ್ ಯಾರ ತಲೆಗೆ ಬರುತ್ತದೆ ಎಂದು ನಿಮಗೆಲ್ಲ ಗೊತ್ತು. ಹಾಗೆ ಬಂದ ಪಾಠಗಳನ್ನು ನಾವು ಮೊದಲು ಅರ್ಥ ಮಾಡಿಕೊಳ್ಳುವುದು ಮನೆಯ ಅಡುಗೆಮನೆಯಲ್ಲಿ, ಆಮೇಲೆ ಪುಸ್ತಕದಲ್ಲಿ.

ಪಾಕದಿಂದಲೇ ಶುರು ಮಾಡೋಣ. 100 ಗ್ರಾಂ ತಣ್ಣೀರಿನಲ್ಲಿ ಸುಮಾರು 200 ಗ್ರಾಂ ಸಕ್ಕರೆ ಕರಗುತ್ತದೆ. ಅದೇ ನೀರು ಕುದಿಯುವ ಹೊತ್ತಿಗೆ ಹತ್ತಿರ ಹತ್ತಿರ 480 ಗ್ರಾಂ ಹಿಡಿಯುತ್ತದೆ. ಈಗ ಆ ಪಾಕವನ್ನು ಅಲುಗಾಡಿಸದೆ ನಿಧಾನಕ್ಕೆ ಆರಲು ಬಿಡಿ. ನೀರು ತಣ್ಣಗಾಗಿದೆ, ಲೆಕ್ಕಕ್ಕೆ 200 ಗ್ರಾಂ ಮೇಲಿನ ಸಕ್ಕರೆಯೆಲ್ಲ ಹೊರಗೆ ಬರಬೇಕು. ಆದರೆ ಬರುವುದಿಲ್ಲ! ಹಿಡಿಯಲಾರದಷ್ಟನ್ನು ಹಿಡಿದುಕೊಂಡೇ ಪಾಕ ಸುಮ್ಮನೆ ಕೂತಿರುತ್ತದೆ. ಇದಕ್ಕೆ ಒಂದು ಪುಸ್ತಕದಲ್ಲಿ ಅತಿಪರ್ಯಾಪ್ತ ದ್ರಾವಣ ಅಂತಿದೆ, ಇನ್ನೊಂದರಲ್ಲಿ ಅತಿಸಂತೃಪ್ತ ದ್ರಾವಣ ಅಂತಿದೆ. ಹೆಸರಿನ ಗೊಂದಲಕ್ಕೆ ಆಮೇಲೆ ಬರುತ್ತೇವೆ.

ಯಾಕೆ ಸುಮ್ಮನೆ ಕೂತಿರುತ್ತದೆ? ಬೆಳಗಿನ ಪ್ರಾರ್ಥನೆಗೆ ಬೆಲ್ ಹೊಡೆದಾಗ ಮೈದಾನ ನೋಡಿ. ಮಕ್ಕಳೆಲ್ಲ ಅಲ್ಲೇ ಓಡಾಡುತ್ತಿರುತ್ತಾರೆ, ಸಾಲು ಮಾತ್ರ ಆಗುವುದಿಲ್ಲ. ಇಬ್ಬರು ನಿಲ್ಲುತ್ತಾರೆ, ಹಿಂದೆ ಯಾರೂ ಬರದಿದ್ದರೆ ಅವರೂ ಚದುರುತ್ತಾರೆ. ಎಂಟು ಹತ್ತು ಮಂದಿ ಒಟ್ಟಿಗೆ ನಿಂತರೋ, ಆಮೇಲೆ ಹೇಳುವುದೇ ಬೇಡ, ಉಳಿದವರು ತಾವಾಗಿ ಬಂದು ಸೇರುತ್ತಾರೆ. ದ್ರಾವಣದೊಳಗಿನ ಅಣುಗಳ ಕಥೆಯೂ ಇದೇ. ನಾಲ್ಕಾರು ಅಣು ಸೇರಿ ಗುಂಪು ಕಟ್ಟುತ್ತವೆ, ಮತ್ತೆ ಕರಗುತ್ತವೆ. ಒಂದು ಮಟ್ಟ ದಾಟಿ ಬೆಳೆದ ಗುಂಪು ಮಾತ್ರ ಉಳಿದು ಹರಳಾಗುತ್ತದೆ. ಆ ಮಟ್ಟ ದಾಟಿಸುವ ಮೊದಲ ತಳ್ಳು ಎಲ್ಲಿಂದ ಬರಬೇಕು ಎಂಬುದೇ ಪ್ರಶ್ನೆ.

ಈ ತಳ್ಳು ಕೊಡುವ ಕೆಲಸ ನಮ್ಮವರಿಗೆ ಹೊಸದಲ್ಲ. ಆಲೆಮನೆಯಲ್ಲಿ ಪಾಕ ಹದಕ್ಕೆ ಬಂದ ಮೇಲೆ ಅದನ್ನು ಕೆದಕಿ ಕೆದಕಿ ಆರಿಸುತ್ತಾರೆ, ಆಗಲೇ ಬೆಲ್ಲ ಮರಳು ಮರಳಾಗಿ ಅಚ್ಚಿಗೆ ನಿಲ್ಲುವುದು. 1933ರಲ್ಲಿ ಶುರುವಾದ ಮಂಡ್ಯದ ಮೈಸೂರು ಸಕ್ಕರೆ ಕಾರ್ಖಾನೆಯಂಥ ಕಡೆ ಪಾಕಕ್ಕೆ ನುಣ್ಣನೆಯ ಸಕ್ಕರೆ ಪುಡಿಯನ್ನು ಬೀಜವಾಗಿ ಬಿಡುವುದು ಈ ಉದ್ಯಮದಲ್ಲಿ ಎಲ್ಲರೂ ಬಲ್ಲ ಕ್ರಮ. ನಮ್ಮ ಅನಂತಪುರ ಸೀಮೆಯವರಿಗೆ ಇನ್ನೊಂದು ಉದಾಹರಣೆ ಚೆನ್ನಾಗಿ ನೆನಪಿರಬೇಕು, ಅದು ಮೋಡ ಬಿತ್ತನೆ. ವರ್ಷಕ್ಕೆ ಸರಾಸರಿ 550 ಮಿ.ಮೀ. ಆಸುಪಾಸಿನ ಮಳೆಯ ಈ ಸೀಮೆಯಲ್ಲಿ 2000ದ ದಶಕದಲ್ಲಿ ವಿಮಾನ ಹಾರಿಸಿ ಮೋಡ ಬಿತ್ತಿದ್ದರು. ಆಚೆ ಕರ್ನಾಟಕದಲ್ಲೂ 2003ರಲ್ಲಿ 'ವರುಣ', 2017ರಲ್ಲಿ 'ವರ್ಷಧಾರಿ' ಎಂದು ಹೆಸರಿಟ್ಟು ಮಾಡಿದರು. ಅದರಿಂದ ಮಳೆ ಎಷ್ಟು ಬಂತು ಎಂಬ ಜಗಳ ಬೇರೆ. ಆದರೆ ತತ್ವ ಒಂದೇ. ಸೊನ್ನೆ ಡಿಗ್ರಿಗಿಂತ ತಣ್ಣಗಿದ್ದರೂ ಹೆಪ್ಪುಗಟ್ಟದೆ ತೇಲುವ ನೀರಿನ ಹನಿಗಳಿಗೆ ಸಿಲ್ವರ್ ಅಯೊಡೈಡ್ ಕಣ ತಾಗಿಸಿ ಮಂಜಿನ ಹರಳು ಹುಟ್ಟಿಸುವುದು. ಬಿತ್ತನೆ ಅನ್ನುವ ಪದವನ್ನು ಯಾವ ಪಂಡಿತರೂ ಕೂತು ಹೊಸೆಯಬೇಕಾಗಿರಲಿಲ್ಲ, ಹೊಲದಿಂದಲೇ ಬಂತು.

ಸರಿ, ಲೇಸರಿಗೆ ಬರೋಣ. 1996ರಲ್ಲಿ ಅಮೆರಿಕದ ನ್ಯೂಯಾರ್ಕಿನಲ್ಲಿ ಬ್ರೂಸ್ ಗ್ಯಾರೆಟ್ಜ್, ಆಲನ್ ಮಯರ್ಸನ್ ಮತ್ತು ಅವರ ಜೊತೆಯವರು ಒಂದು ವಿಚಿತ್ರ ಪ್ರಕಟಿಸಿದರು. ಅವರ ಗಾಜಿನ ಕೊಳವೆಗಳಲ್ಲಿ ಇದ್ದದ್ದು ಏನು ಅಂತೀರಿ? ಯೂರಿಯಾ! ಕಲ್ಯಾಣದುರ್ಗದ ರೈತ ಕ್ಯೂ ನಿಂತು ಮೂಟೆ ತರುವ ಅದೇ ಯೂರಿಯಾ, ಶುದ್ಧ ರೂಪದಲ್ಲಿ. ಹಿಡಿಯಲಾರದಷ್ಟು ಯೂರಿಯಾ ಹಿಡಿದು ಕೂತ ನೀರಿಗೆ ಅವರು ಲೇಸರ್ ಮಿಡಿತಗಳನ್ನು ಹಾಯಿಸಿದರು. ಒಂದೊಂದು ಮಿಡಿತ ಕೆಲವೇ ನ್ಯಾನೊಸೆಕೆಂಡು. ಸೆಕೆಂಡನ್ನು ನೂರು ಕೋಟಿ ಪಾಲು ಮಾಡಿದರೆ ಒಂದು ಪಾಲು ಒಂದು ನ್ಯಾನೊಸೆಕೆಂಡು. ಬೆಳಕಿನ ಅಲೆಯುದ್ದ 1064 ನ್ಯಾನೊಮೀಟರ್, ಅಂದರೆ ಕೆಂಪಿನಾಚೆಯ, ಕಣ್ಣಿಗೆ ಕಾಣದ ಬೆಳಕು. ಹಾಯಿಸಿದ್ದೇ ತಡ, ಬೆಳಕಿನ ದಾರಿಯಲ್ಲಿ ಸೂಜಿಯಂಥ ಹರಳು ಮೂಡಿತು. ಅವರು ಹುಡುಕುತ್ತಿದ್ದದ್ದು ಬೇರೆ ಏನನ್ನೋ, ಸಿಕ್ಕಿದ್ದು ಇದು.

ವಿಶೇಷ ಎಂದರೆ ಯೂರಿಯಾ ಆ ಬೆಳಕನ್ನು ಹೀರುವುದೇ ಇಲ್ಲ ಎನ್ನಬಹುದು. ರಾಸಾಯನಿಕ ಬದಲಾವಣೆ ಏನೂ ಆಗಿರಲಿಲ್ಲ. ಹಾಗಾದರೆ ತಳ್ಳು ಕೊಟ್ಟವರು ಯಾರು? ಬೆಳಕಿನ ವಿದ್ಯುತ್ ಕ್ಷೇತ್ರ ಅಣುಗಳನ್ನು ಒಂದೇ ದಿಕ್ಕಿಗೆ ತಿರುಗಿಸಿ ಸಾಲು ನಿಲ್ಲಿಸುತ್ತದೆ ಎಂದು ಅವರು ಹೇಳಿದರು. ಪಿ.ಟಿ. ಮೇಷ್ಟ್ರು ಸೀಟಿ ಊದಿದ ಹಾಗೆ ಅನ್ನಿ. ಎಡಿನ್‌ಬರೋದಂಥ ಕಡೆ ಆಮೇಲೆ ಕೆಲಸ ಮಾಡಿದವರು, ದ್ರಾವಣವನ್ನು ಚೆನ್ನಾಗಿ ಸೋಸಿದರೆ ಹರಳು ಹುಟ್ಟುವುದು ಕಡಿಮೆಯಾಗುತ್ತದೆ ಎಂದು ಕಂಡರು. ಹಾಗಾದರೆ ಒಳಗಿದ್ದ ಸೂಕ್ಷ್ಮ ಕೊಳೆಯ ಕಣ ಬೆಳಕಿಗೆ ಕಾದು, ಅಲ್ಲಿ ಪುಟ್ಟ ಗುಳ್ಳೆ ಎದ್ದು, ಕೆಲಸ ಆದದ್ದು ಅದರಿಂದಲೋ? ವಾದ ಇನ್ನೂ ಮುಗಿದಿಲ್ಲ. ಸುಮಾರು ಮೂವತ್ತು ವರ್ಷವಾದರೂ ದೊಡ್ಡ ದೊಡ್ಡವರೇ "ಹೀಗೂ ಇರಬಹುದು, ಹಾಗೂ ಇರಬಹುದು" ಎನ್ನುತ್ತಿದ್ದಾರೆ. ನಮ್ಮ ಮಕ್ಕಳಿಗೆ ಇದನ್ನು ಹೇಳಲೇಬೇಕು ಅಂತೀವಿ ನಾವು. ವಿಜ್ಞಾನ ಅಂದರೆ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಅಂದುಕೊಂಡಿರುತ್ತಾರೆ. ತುಂಬಲು ಉತ್ತರವೇ ಇಲ್ಲದ ಬಿಟ್ಟ ಸ್ಥಳಗಳೂ ಇವೆ ಎಂದು ತಿಳಿದರೆ ಹುಡುಗರ ಕಣ್ಣು ಹೇಗೆ ಅರಳುತ್ತದೆ ನೋಡಬೇಕು.

ಇನ್ನು ಗುಳ್ಳೆ. ಇದು ಕಣ್ಣಿಗೆ ಕಟ್ಟುವ ಹಾಗೆ ಹೇಳಬಹುದಾದ ಭಾಗ. ಲೇಸರನ್ನು ಒಂದು ಚುಕ್ಕೆಗೆ ಕೂಡಿಸಿದಾಗ ಆ ಚುಕ್ಕೆಯಲ್ಲಿ ದ್ರಾವಣ ಥಟ್ಟನೆ ಕಾದು ಆವಿಯ ಗುಳ್ಳೆಯಾಗುತ್ತದೆ. ಗುಳ್ಳೆ ಉಬ್ಬುವಾಗ ಸುತ್ತಲಿನ ನೀರು ಆವಿಯಾಗಿ ಅದರೊಳಕ್ಕೆ ಹೋಗುತ್ತದೆ. ಉಪ್ಪು ಆವಿಯಾಗುತ್ತದೆಯೇ? ಇಲ್ಲ. ಅದು ಗುಳ್ಳೆಯ ಗೋಡೆಯ ಹೊರಗೇ ಉಳಿದು ದಟ್ಟವಾಗುತ್ತದೆ. ಬಸ್ಸು ಬಂದಾಗ ಬಾಗಿಲ ಬಳಿ ಆಗುತ್ತದಲ್ಲ, ಆ ನೂಕುನುಗ್ಗಲು. ಅಲ್ಲೇ ಹರಳು ಹುಟ್ಟುತ್ತದೆ. ಗುಳ್ಳೆ ಒಡೆದು ಹೋಗುತ್ತದೆ, ಹರಳು ಉಳಿದು ಬೆಳೆಯುತ್ತದೆ. ನೆದರ್ಲೆಂಡ್ಸಿನ ಡೆಲ್ಫ್ಟ್ ವಿಶ್ವವಿದ್ಯಾಲಯದವರು 2023ರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಇದನ್ನು ಅಳೆದು, ಲೆಕ್ಕ ಹಾಕಿ ತೋರಿಸಿದರು. ಆ ತಂಡದಲ್ಲಿ ನಮ್ಮ ದೇಶದ ಹೆಸರುಗಳೂ ಇವೆ. ಪೊಟ್ಯಾಸಿಯಂ ಕ್ಲೋರೈಡ್ ಅಂದರೂ ದೂರದ ವಸ್ತುವಲ್ಲ, ನಮ್ಮ ಗೊಬ್ಬರದಂಗಡಿಯ ಪೊಟ್ಯಾಷ್! ಅದಕ್ಕೂ ಮೊದಲೇ, 2003ರಲ್ಲಿ, ಜಪಾನಿನ ಒಸಾಕಾದವರು ಇನ್ನೂ ಚುಟುಕಾದ ಲೇಸರ್ ಮಿಡಿತಗಳಿಂದ ಪ್ರೋಟೀನಿನ ಹರಳು ಕಟ್ಟಿಸಿದ್ದರು. ಪ್ರೋಟೀನು ಹರಳು ಕಟ್ಟುವುದು ಬಹಳ ರಗಳೆಯ ಕೆಲಸ. ಆದರೆ ಹರಳು ಕಟ್ಟಿದರೇನೇ ಎಕ್ಸ್‌-ಕಿರಣ ಹಾಯಿಸಿ ಅದರ ಆಕಾರ ತಿಳಿಯುವುದು ಸುಲಭ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ. ವಿಜಯನ್ ಅವರು ದಶಕಗಳ ಕಾಲ ಮಾಡಿದ್ದು ಇದೇ ವಿದ್ಯೆಯ ಕೆಲಸ. ಹಿಂದೂಪುರದಿಂದ ನೂರು ಕಿಲೋಮೀಟರ್ ಚಿಲ್ಲರೆ ದೂರ!

ಅಂದ ಹಾಗೆ, 1960ರಲ್ಲಿ ಮೈಮನ್ ಎಂಬುವರು ಮಾಡಿದ ಮೊಟ್ಟಮೊದಲ ಲೇಸರ್ ಬೆಳಕು ಬಂದದ್ದು ಮಾಣಿಕ್ಯದ ಹರಳಿನಿಂದ. ಉಂಗುರದಲ್ಲಿ ಕೂರಿಸುವ ಕೆಂಪು ಹರಳು ಅಂತೀವಲ್ಲ, ಆ ಜಾತಿಯದು, ಕೃತಕವಾಗಿ ಬೆಳೆಸಿದ್ದು. ಹರಳು ಹೆತ್ತ ಬೆಳಕು ಈಗ ಹರಳಿಗೇ ಸೂಲಗಿತ್ತಿಯಾಗಿದೆ. ಹರಳನ್ನು ಒಡೆಯುವುದಕ್ಕೂ ಅದೇ ಬೆಳಕು ಬೇಕು. ಕಿಡ್ನಿಯಲ್ಲಿ ಹರಳಾದವರಿಗೆ ದೊಡ್ಡಾಸ್ಪತ್ರೆಯಲ್ಲಿ ಲೇಸರ್ ಹಾಯಿಸಿ ಪುಡಿ ಮಾಡುತ್ತಾರೆ, ಅಲ್ಲೂ ತುದಿಯಲ್ಲಿ ಆವಿಯ ಗುಳ್ಳೆ ಏಳುತ್ತದೆ.

ಇದರಿಂದ ಏನು ಉಪಯೋಗ ಎಂದು ಕೇಳುವವರಿಗೆ ಒಂದು ನಿಜವಾದ ಸಂಗತಿ. ರಿಟೊನಾವಿರ್ ಎಂಬ ಎಚ್.ಐ.ವಿ. ಔಷಧ 1996ರಲ್ಲಿ ಮಾರುಕಟ್ಟೆಗೆ ಬಂತು. 1998ರಲ್ಲಿ ಇದ್ದಕ್ಕಿದ್ದಂತೆ ಅದೇ ಔಷಧ ಬೇರೊಂದು ಬಗೆಯ ಹರಳಾಗಿ ಕಟ್ಟತೊಡಗಿತು. ಅಣು ಅದೇ, ಜೋಡಣೆ ಬೇರೆ. ಹೊಸ ಹರಳು ಸರಿಯಾಗಿ ಕರಗುತ್ತಿರಲಿಲ್ಲ. ಕ್ಯಾಪ್ಸೂಲನ್ನು ಮಾರುಕಟ್ಟೆಯಿಂದ ತೆಗೆದು, ಬೇರೆ ರೂಪದಲ್ಲಿ ತಯಾರಿಸಿ ಕೊಡಬೇಕಾಯಿತು. ಹರಳು ಯಾವಾಗ, ಯಾವ ರೂಪದಲ್ಲಿ ಹುಟ್ಟಬೇಕು ಎಂಬುದು ಕೈಯಲ್ಲಿಲ್ಲದಿದ್ದರೆ ರೋಗಿಯ ಪ್ರಾಣಕ್ಕೇ ಸಂಚಕಾರ. ಲೇಸರಿನ ಬೆಳಕು ಕಂಪಿಸುವ ರೀತಿ ಬದಲಿಸಿ ಗ್ಲೈಸಿನ್ ಎಂಬ ವಸ್ತುವಿನ ಹರಳಿನ ಬಗೆಯನ್ನೇ ಬದಲಿಸಬಹುದು ಎಂದು ಗ್ಯಾರೆಟ್ಜ್ ತಂಡ ಹೇಳಿದಾಗ ಎಲ್ಲರೂ ಕಿವಿ ನಿಮಿರಿಸಿದ್ದು ಇದಕ್ಕೇ. ಬೇರೆಯವರ ಪ್ರಯೋಗದಲ್ಲಿ ಅದು ಹಾಗೆಯೇ ಕಾಣಲಿಲ್ಲ ಎನ್ನುವುದನ್ನೂ ಹೇಳಬೇಕು. ಔಷಧ ಕಾರ್ಖಾನೆಗಳಲ್ಲಿ ದಿನನಿತ್ಯ ಲೇಸರಿನಿಂದ ಹರಳು ತೆಗೆಯುವ ಕಾಲ ಇನ್ನೂ ಬಂದಿಲ್ಲ.

ಈಗ ಹೇಳಿ, ಮೇಲೆ ಬರೆದದ್ದರಲ್ಲಿ ಕನ್ನಡ ಎಲ್ಲಿ ಸೋತಿತು? ಲೇಸರ್, ಪ್ರೋಟೀನ್, ನ್ಯಾನೊಸೆಕೆಂಡು ಎಂಬ ಪದಗಳನ್ನು ಹಾಗೆಯೇ ಇಟ್ಟಿದ್ದೇವೆ, ಇಡಬೇಕಾದ್ದೂ ಹಾಗೆಯೇ. ಬಸ್ಸು, ಬೆಲ್ಲು, ಸ್ಲೇಟು ಬಂದ ಹಾಗೆ ಅವೂ ಬರಲಿ. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶಯ್ಯಂಗಾರ್ಯರೂ 'ವಿಜ್ಞಾನ' ಎಂಬ ಕನ್ನಡ ಪತ್ರಿಕೆ ತಂದಿದ್ದರು. ಹೆಚ್ಚು ಕಾಲ ನಡೆಯಲಿಲ್ಲ, ನಿಜ. ಆದರೆ ಕನ್ನಡದಲ್ಲಿ ಸಾಧ್ಯವೇ ಎಂಬ ಪ್ರಶ್ನೆಗೆ ನೂರು ವರ್ಷದ ಹಿಂದೆಯೇ ಅವರು ಕೆಲಸ ಮಾಡಿ ಉತ್ತರ ಕೊಟ್ಟಿದ್ದಾರೆ.

ಕನ್ನಡ ಸೋಲುವುದು ನಾವು ಮಕ್ಕಳ ಬಾಯಲ್ಲಿಲ್ಲದ ಕನ್ನಡವನ್ನು ಬೋರ್ಡಿನ ಮೇಲೆ ಬರೆದಾಗ. 'ಸ್ಫಟಿಕೀಕರಣ' ಎಂದು ಬರೆದು ಐದು ಸಲ ಓದಿಸಿದರೆ ಮಗು ಒತ್ತಕ್ಷರದಲ್ಲೇ ಎಡವುತ್ತದೆ. ಹರಳು ಕಟ್ಟುವುದು ಎಂದರೆ ತಕ್ಷಣ ತಿಳಿಯುತ್ತದೆ. ಜೇನು ಹರಳು ಕಟ್ಟಿದ್ದನ್ನು, ಚಳಿಗಾಲದಲ್ಲಿ ತುಪ್ಪ ಮರಳು ಮರಳಾದದ್ದನ್ನು ನೋಡದ ಮಗು ಯಾವುದು? ಪರೀಕ್ಷೆಗೆ ಬೇಕಾದ ಪದವನ್ನೂ ಕೊಡಿ, ಇಂಗ್ಲಿಷಿನ ಕ್ರಿಸ್ಟಲ್ ಎಂಬ ಪದವನ್ನೂ ಕೊಡಿ. ಮುಂದೆ ಕಾಲೇಜಿನಲ್ಲಿ ಇಂಗ್ಲಿಷಿನಲ್ಲೇ ಓದಬೇಕು, ಅದನ್ನು ಮುಚ್ಚಿಟ್ಟು ಕನ್ನಡಾಭಿಮಾನದ ಭಾಷಣ ಮಾಡುವುದು ಮಕ್ಕಳಿಗೆ ಮಾಡುವ ಮೋಸ. ಆದರೆ ಮೊದಲು ತಿಳಿಯಬೇಕಾದ್ದು ಹರಳು.

ಗಡಿಯಲ್ಲಿರುವ ನಮಗಂತೂ ಇನ್ನೊಂದು ಅನುಕೂಲ ಇದೆ, ಅದನ್ನು ನಾವು ಬಳಸಿಕೊಳ್ಳುತ್ತಲೇ ಇಲ್ಲ. ಹಿಂದೂಪುರದ ಯಾವುದಾದರೂ ಕಿರಾಣಿ ಅಂಗಡಿಗೆ ಹೋಗಿ ಪಟಿಕ ಕೇಳಿ, ಕ್ಷೌರದ ಅಂಗಡಿಯಲ್ಲಿ ಗಲ್ಲಕ್ಕೆ ಉಜ್ಜುವ, ಕೆಸರು ನೀರು ತಿಳಿ ಮಾಡುವ ಕಲ್ಲು ಕೊಡುತ್ತಾರೆ. ತೆಲುಗಿನವರ ಹಾಗೆ ಪಟಿಕ ಬೆಲ್ಲ ಕೇಳಿದರೆ ನಮ್ಮ ಕಲ್ಲುಸಕ್ಕರೆ ಕೊಡುತ್ತಾರೆ. ಎರಡೂ ಹರಳೇ! ಪಟಿಕ ಎಂಬ ಪದ ಸ್ಫಟಿಕದ ತದ್ಭವ. ಪುಸ್ತಕದಲ್ಲಿ ಬಾಯಿಗೆ ಸಿಕ್ಕದ ಪದವೇ ಅಂಗಡಿಯಲ್ಲಿ ಹತ್ತು ರೂಪಾಯಿಗೆ ಪೊಟ್ಟಣ ಕಟ್ಟಿಸಿಕೊಂಡು ಬರುತ್ತದೆ. ಮೈಲುತುತ್ತವೂ ಎರಡು ಭಾಷೆಗೂ ಹೆಚ್ಚುಕಡಿಮೆ ಒಂದೇ ಹೆಸರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು ಆಡುವ ನಮ್ಮ ಮಕ್ಕಳನ್ನು ಎರಡೂ ಸರಿಯಾಗಿ ಬಾರದವರು ಎಂದು ಹೀಯಾಳಿಸುವವರಿದ್ದಾರೆ. ಎರಡು ಕಿಟಕಿ ಇರುವ ಮನೆಯಲ್ಲಿ ಗಾಳಿ ಹೆಚ್ಚೋ ಕಡಿಮೆಯೋ?

ಬೀಜ ಹರಳು ಎಂಬ ಪದಕ್ಕಿಂತ ನಮಗೆ ಇಷ್ಟವಾದದ್ದು ಹರಳಿನ ಹೆಪ್ಪು. ಹಾಲಿಗೆ ಹೆಪ್ಪು ಹಾಕಿದಂತೆ ಪಾಕಕ್ಕೂ ಒಂದು ಚೂರು ಹೆಪ್ಪು. ನಮ್ಮಲ್ಲಿ ಕೆಲವು ಮಕ್ಕಳು ತೆಲುಗಿನ ತೋಡು ಅನ್ನುತ್ತಾರೆ, ಅನ್ನಲಿ. ಆದರೆ ಮೊಸರಿನಲ್ಲಿ ಬೆಳೆಯುವುದು ಜೀವ ಇರುವ ಸೂಕ್ಷ್ಮಾಣು, ಪಾಕದಲ್ಲಿ ಜೋಡಣೆಯಾಗುವುದು ಜೀವ ಇಲ್ಲದ ಅಣು, ಈ ವ್ಯತ್ಯಾಸವನ್ನು ಅಂದೇ ಹೇಳಿಬಿಡಬೇಕು. ಇಲ್ಲದಿದ್ದರೆ ಕಲ್ಲುಸಕ್ಕರೆಗೂ ಜೀವ ಇದೆ ಎಂದು ಬರೆದುಬಿಡುತ್ತಾರೆ.

ಪರ್ಯಾಪ್ತವೋ ಸಂತೃಪ್ತವೋ ಎಂಬ ಜಗಳ ಮಾತ್ರ ಮೇಷ್ಟ್ರುಗಳಾದ ನಾವು ಕೂತು ಮುಗಿಸಬೇಕು. ಕರ್ನಾಟಕದಿಂದ ತಂದ ಗೈಡಿನಲ್ಲಿ ಒಂದು, ಇಲ್ಲಿಯ ಪುಸ್ತಕದಲ್ಲಿ ಇನ್ನೊಂದು, ಪ್ರಶ್ನೆಪತ್ರಿಕೆಯಲ್ಲಿ ತೆಲುಗಿನಿಂದ ಅನುವಾದಿಸಿದ ಮೂರನೆಯದು ಇದ್ದರೆ ಏಳನೇ ಕ್ಲಾಸಿನ ಹುಡುಗಿ ಏನು ಮಾಡಬೇಕು? ಉತ್ತರ ಗೊತ್ತಿದ್ದೂ ಪ್ರಶ್ನೆ ತಿಳಿಯದೆ ಖಾಲಿ ಬಿಟ್ಟ ಹಾಳೆಗಳನ್ನು ನಾವು ತಿದ್ದಿದ್ದೇವೆ. ಮಾರ್ಕ್ಸ್ ಕಾರ್ಡ್ ನೋಡಿದ ಅಪ್ಪ ಕನ್ನಡದ್ದೇ ತಪ್ಪು ಅಂದುಕೊಳ್ಳುತ್ತಾನೆ, ಮರುವರ್ಷ ಆಟೋದಲ್ಲಿ ಇಂಗ್ಲಿಷ್ ಶಾಲೆಗೆ ಕಳಿಸುತ್ತಾನೆ. ಸೆಕ್ಷನ್ನಿನಲ್ಲಿ ಒಂದು ತಲೆ ಕಮ್ಮಿ, ತಲೆ ಕಮ್ಮಿಯಾದರೆ ಪೋಸ್ಟು ಕಮ್ಮಿ, ಪೋಸ್ಟು ಹೋದರೆ ಕನ್ನಡ ವಿಭಾಗವೇ ಬಂದ್. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಅನುಕೂಲ ಇರಬೇಕೆಂದು 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿತು. ವಿಧಿ ಅಲ್ಲೇ ಇದೆ. ತರಗತಿಯೊಳಗೆ ಅದನ್ನು ಉಳಿಸುವುದು ಪದ, ಪುಸ್ತಕ, ಪ್ರಯೋಗ.

ಪ್ರಯೋಗ ಎಂದೆವು, ಒಂದು ಎಚ್ಚರಿಕೆ. ಜಾತ್ರೆಯಲ್ಲಿ ಸಿಗುವ ಲೇಸರ್ ಪೆನ್ನು ತಂದು ಸಕ್ಕರೆ ನೀರಿಗೆ ಬಿಡಲು ಹೋಗಬೇಡಿ. ಅದರಿಂದ ಹರಳೂ ಬರುವುದಿಲ್ಲ, ಕಣ್ಣಿಗೆ ಬಿದ್ದರೆ ಅಪಾಯವೂ ಹೌದು. ಆ ಪ್ರಯೋಗಶಾಲೆಯ ಲೇಸರಿನ ಶಕ್ತಿಯೇ ಬೇರೆ. ಗುಳ್ಳೆಯ ಪಾಠಕ್ಕೆ ಬೇಕಾದ್ದು ಒಂದು ಸೋಡಾ, ನಾಲ್ಕು ಕಡಲೆಕಾಯಿ ಬೀಜ, ಅಷ್ಟೆ. ಕಲ್ಯಾಣದುರ್ಗದವರಿಗೆ ಕಡಲೆಕಾಯಿಗೇನು ಬರ! ಗ್ಲಾಸಿನ ಸೋಡಾಕ್ಕೆ ಬೀಜ ಹಾಕಿದರೆ ಮುಳುಗುತ್ತವೆ, ಅವುಗಳ ಒರಟು ಮೈಮೇಲೆ ಗುಳ್ಳೆ ಹುಟ್ಟಿ ಅಂಟಿಕೊಳ್ಳುತ್ತದೆ, ಗುಳ್ಳೆ ಹೊತ್ತುಕೊಂಡು ಮೇಲೆ ಬರುತ್ತವೆ, ಗುಳ್ಳೆ ಒಡೆದ ಮೇಲೆ ಮತ್ತೆ ಮುಳುಗುತ್ತವೆ. ಏನೇ ಹೊಸದಾಗಿ ಹುಟ್ಟಬೇಕಾದರೂ ಒಂದು ಆಸರೆ ಇದ್ದರೆ ಸುಲಭ ಎಂಬುದು ಕಣ್ಣೆದುರೇ ಕಾಣುತ್ತದೆ.

ಹರಳಿಗೆ ಪಟಿಕವೇ ವಾಸಿ. ಬಿಸಿನೀರಿಗೆ ಪುಡಿ ಹಾಕುತ್ತಾ ಕಲಕಿ, ಇನ್ನು ಕರಗದು ಎನ್ನುವವರೆಗೆ ಹಾಕಿ, ಬಟ್ಟೆಯಲ್ಲಿ ಸೋಸಿ ಗಾಜಿನ ಲೋಟಕ್ಕೆ ಬಿಡಿ. ಬಿಸಿನೀರಿನ ಕೆಲಸ ಮೇಷ್ಟ್ರದ್ದೇ, ಮಕ್ಕಳ ಕೈಗೆ ಬೇಡ. ಆರಿದ ಮೇಲೆ ದಾರಕ್ಕೆ ಕಟ್ಟಿದ ಒಂದು ಪಟಿಕದ ಚೂರನ್ನು ಹೆಪ್ಪಾಗಿ ಇಳಿಬಿಟ್ಟು, ಅಲುಗಾಡದ ಮೂಲೆಯಲ್ಲಿ ವಾರ ಇಡಿ. ದಿನಾ ಸ್ಕೇಲಿನಲ್ಲಿ ಅಳೆದು ಬರೆಸಿ. ದಾರ ಹಾಕದ ಇನ್ನೊಂದು ಲೋಟವನ್ನೂ ಪಕ್ಕದಲ್ಲೇ ಇಟ್ಟರೆ ಹೋಲಿಸಲು ಬರುತ್ತದೆ. ಪಟಿಕ ಬೇಡ, ಕಲ್ಲುಸಕ್ಕರೆಯೇ ಮಾಡುತ್ತೇವೆ ಎಂದು ಮಕ್ಕಳು ಹಟ ಹಿಡಿದರೆ ಮಾಡಿಸಿ, ಆದರೆ ಲೋಟವನ್ನು ನೀರು ತುಂಬಿದ ತಟ್ಟೆಯ ನಡುವೆ ಇಡಿ. ನಮ್ಮ ಕಡೆಯ ಇರುವೆಗಳು ಒಂದೇ ರಾತ್ರಿಯಲ್ಲಿ ಪಾಠ ಮುಗಿಸಿಬಿಡುತ್ತವೆ.